ಮಗಳು ಪಿಎಚ್.ಡಿ. ಮಾಡುತ್ತೇನೆ ಎಂದಾಗ...

ಕಳೆದ ಬೇಸಿಗೆಯ ಒಂದು ಸಂಜೆ. ಮಗ್ರಿಬ್ ಕಳೆದು ಸ್ವಲ್ಪ ಹೊತ್ತಾಗಿತ್ತು. ನಮ್ಮ ಓಣಿಯ ತಾಯಿಯೊಬ್ಬರು ಮಗಳನ್ನು ಕರೆದುಕೊಂಡು ಮನೆಗೆ ಬಂದರು. ಮಗಳು ಎಂ.ಕಾಂ.ನಲ್ಲಿ ಒಳ್ಳೆಯ ಅಂಕ ಪಡೆದು ಪಾಸಾಗಿದ್ದಳು. ಸಿಹಿ ತಂದಿರಬಹುದು ಎಂದುಕೊಂಡೆ. ಆದರೆ ತಾಯಿಯ ಮುಖದಲ್ಲಿ ಸಂತೋಷಕ್ಕಿಂತ ಚಿಂತೆಯೇ ಹೆಚ್ಚಾಗಿ ಕಾಣುತ್ತಿತ್ತು.

"ನೀವಾದರೂ ಇವಳಿಗೆ ಬುದ್ಧಿ ಹೇಳಿ. ಎಂ.ಕಾಂ. ಆಯಿತು. ಎರಡು ಕಡೆಯಿಂದ ಸಂಬಂಧ ಕೇಳಿಕೊಂಡು ಬಂದಿದ್ದಾರೆ. ಇವಳು ನೋಡಿದರೆ ಪಿಎಚ್.ಡಿ. ಮಾಡುತ್ತೇನೆ ಎನ್ನುತ್ತಾಳೆ. ಅದೂ ವ್ಯಾಪಾರದ ವಿಷಯದಲ್ಲಿ! ಇವಳ ಅಬ್ಬ ಮೂವತ್ತು ವರ್ಷದಿಂದ ಅಂಗಡಿ ನಡೆಸುತ್ತಿದ್ದಾರೆ. ವ್ಯಾಪಾರಕ್ಕೆ ಡಾಕ್ಟರ್ ಆಗಬೇಕೇ?"

ಹುಡುಗಿ ತಲೆ ತಗ್ಗಿಸಿ ಕೂತಿದ್ದಳು. ನನಗೆ ಆ ಕ್ಷಣ ಏನು ಹೇಳಬೇಕೆಂದು ತೋಚಲಿಲ್ಲ. ಮದ್ರಸದಲ್ಲಿ ಓದಿ, ನಂತರ ಬಿ.ಎ. ಮುಗಿಸಿ, ಶಾಲೆಯಲ್ಲಿ ಪಾಠ ಹೇಳುತ್ತಿರುವ ನನಗೆ ಆ ದಾರಿಯ ಪರಿಚಯ ಅಷ್ಟಕ್ಕಷ್ಟೆ. ಆದರೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಈಗ ಮ್ಯಾನೇಜ್‌ಮೆಂಟ್ ವಿಷಯದಲ್ಲಿಯೇ ಸಂಶೋಧನೆ ಮಾಡುತ್ತಿದ್ದಾಳೆ. ಎರಡು ದಿನ ಸಮಯ ಕೇಳಿದೆ. ಅವಳೊಡನೆ ಮಾತನಾಡಿದೆ, ನಿಯಮಗಳನ್ನು ಓದಿ ನೋಡಿದೆ. ಆಗ ತಿಳಿದುಕೊಂಡದ್ದನ್ನು ನಿಮ್ಮೊಂದಿಗೂ ಹಂಚಿಕೊಳ್ಳುತ್ತಿದ್ದೇನೆ. ಏಕೆಂದರೆ ಇಂತಹ ಮಗಳು ನಿಮ್ಮ ಮನೆಯಲ್ಲಿಯೂ ಇರಬಹುದು. ಅಥವಾ ಆ ಮಗಳು ನೀವೇ ಆಗಿರಬಹುದು.

ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ

ಎಂಬಿಎಗಿಂತ ದೊಡ್ಡ ಎಂಬಿಎ ಎಂದರೆ ಪಿಎಚ್.ಡಿ. ಎಂದು ಹಲವರು ತಿಳಿದಿದ್ದಾರೆ. ಅದು ಸರಿಯಲ್ಲ. ಎಂಬಿಎ ಮಾಡಿದವರು ಈಗಾಗಲೇ ತಿಳಿದಿರುವ ವಿದ್ಯೆಯನ್ನು ಕಲಿತು ಕಂಪೆನಿ ನಡೆಸಲು ಹೋಗುತ್ತಾರೆ. ಪಿಎಚ್.ಡಿ. ಮಾಡುವವರು ಇನ್ನೂ ಯಾರಿಗೂ ಸರಿಯಾಗಿ ತಿಳಿಯದ ಒಂದು ಸಂಗತಿಯನ್ನು ಹುಡುಕಲು ಹೋಗುತ್ತಾರೆ. ಹೆಚ್ಚಿನ ಸಂಬಳದ ಕಂಪೆನಿ ಕೆಲಸವೇ ಗುರಿಯಾದರೆ ಇಷ್ಟು ವರ್ಷಗಳನ್ನು ಇಲ್ಲಿ ಕಳೆಯಬೇಕಾಗಿಲ್ಲ.

"ಕಾಲೇಜಿನಲ್ಲಿ ಲೆಕ್ಚರರ್ ಆದರೆ ಸಾಕು" ಎನ್ನುವವರು ಇನ್ನೊಂದು ವಿಷಯ ತಿಳಿದಿರಬೇಕು. 2023ರ ಜುಲೈಯಿಂದ ಜಾರಿಗೆ ಬಂದ ಯುಜಿಸಿ ನಿಯಮದಂತೆ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಸ್ನಾತಕೋತ್ತರ ಪದವಿಯ ಜೊತೆಗೆ ನೆಟ್ ಅಥವಾ ಕೆ-ಸೆಟ್‌ನಂತಹ ಅರ್ಹತಾ ಪರೀಕ್ಷೆ ಸಾಕು. ಪಿಎಚ್.ಡಿ. ಇರಲೇಬೇಕೆಂಬ ಕಡ್ಡಾಯವಿಲ್ಲ. ಮುಂದೆ ಸಹ ಪ್ರಾಧ್ಯಾಪಕರಾಗಲು ಅದು ಬೇಕಾಗುತ್ತದೆ, ಆ ಮಾತು ಬೇರೆ. ಆದ್ದರಿಂದ ಹೆಸರಿನ ಮುಂದೆ 'ಡಾ.' ಎಂದು ಹಾಕಿಕೊಳ್ಳುವ ಆಸೆಯೊಂದಕ್ಕೇ ಅರ್ಜಿ ಹಾಕಬೇಡಿ. ಮೂರನೆಯ ವರ್ಷದಲ್ಲಿ ಆ ಆಸೆ ಬತ್ತಿಹೋಗುತ್ತದೆ. ಮನಸ್ಸನ್ನು ಕೊರೆಯುವ ಒಂದು ಪ್ರಶ್ನೆ ಇದ್ದವಳು ಮಾತ್ರ ಕೊನೆಯವರೆಗೆ ನಡೆಯುತ್ತಾಳೆ.

ಉದ್ರಿ ಪುಸ್ತಕದೊಳಗಿನ ಪ್ರಶ್ನೆ

ಎರಡು ದಿನ ಕಳೆದು ತಾಯಿ-ಮಗಳು ಮತ್ತೆ ಬಂದಾಗ ನಾನು ಹುಡುಗಿಯನ್ನು ಕೇಳಿದೆ, "ನಿನ್ನ ವಿಷಯ ಏನಮ್ಮಾ?" ಅವಳು ಬರೆದು ತಂದ ಹಾಳೆಯಲ್ಲಿ 'ಡಿಜಿಟಲ್ ಪಾವತಿಯ ಪರಿಣಾಮಗಳು: ಒಂದು ಅಧ್ಯಯನ' ಎಂದಿತ್ತು. ಇಷ್ಟೇ ಆದರೆ ಅದು ಪ್ರಶ್ನೆಯಲ್ಲ, ಬರೇ ತಲೆಬರಹ. ಅದರೊಳಗೆ ಇಡೀ ದೇಶವನ್ನೇ ತುಂಬಿಸಬಹುದು.

ಮತ್ತೂ ಕೇಳಿದಾಗ ಅವಳು ಬಾಯಿಬಿಟ್ಟಳು. "ಅಬ್ಬನ ಅಂಗಡಿಯಲ್ಲಿ ಉದ್ರಿ ಪುಸ್ತಕ ಇದೆ. ಮೊದಲು ತಿಂಗಳ ಕೊನೆಗೆ ಎಲ್ಲರೂ ಉದ್ರಿ ಬರೆಸುತ್ತಿದ್ದರು. ಈಗ ಹತ್ತು ರೂಪಾಯಿಯನ್ನೂ ಮೊಬೈಲಿನಲ್ಲಿ ಕೊಡುತ್ತಾರೆ. ಆದರೂ ಕೆಲವರ ಉದ್ರಿ ಕಡಿಮೆಯಾಗಿಲ್ಲ. ಅಬ್ಬ ಯಾರಿಗೆ ಕೊಡುತ್ತಾರೆ, ಯಾರಿಗೆ ಇಲ್ಲ ಎನ್ನುತ್ತಾರೆ ಎಂಬುದೂ ಬದಲಾಗಿದೆ. ಯಾಕೆ ಎಂದು ನನಗೆ ತಿಳಿಯಬೇಕು."

ನೋಡಿ, ಪ್ರಶ್ನೆ ಅಲ್ಲಿದೆ! ಯುಪಿಐ ಪಾವತಿ ಆರಂಭವಾದದ್ದು 2016ರಲ್ಲಿ. ಅದಕ್ಕೆ ಮೊದಲು ಮತ್ತು ನಂತರ ಸಣ್ಣ ಅಂಗಡಿಯವನು ಗಿರಾಕಿಯ ಮೇಲೆ ಇಡುವ ನಂಬಿಕೆ ಹೇಗೆ ಬದಲಾಯಿತು? ಇದು ಹಣಕಾಸಿನ ವಿಷಯವೂ ಹೌದು, ಮಾರುಕಟ್ಟೆಯ ವಿಷಯವೂ ಹೌದು. ಇದಕ್ಕೆ ಲೆಕ್ಕದ ಪುಸ್ತಕಗಳನ್ನು ನೋಡಬಹುದು, ಅಂಗಡಿಯವರನ್ನು ಮಾತನಾಡಿಸಬಹುದು, ಪೇಟೆಯ ಅಂಗಡಿಯನ್ನೂ ಹಳ್ಳಿಯ ಅಂಗಡಿಯನ್ನೂ ಹೋಲಿಸಬಹುದು. ಸಂಶೋಧನಾ ಪ್ರಸ್ತಾವದಲ್ಲಿ ಬರೆಯಬೇಕಾದದ್ದೂ ಇಷ್ಟೇ. ಪ್ರಶ್ನೆ ಏನು, ಈ ಹಿಂದೆ ಯಾರು ಏನು ಹೇಳಿದ್ದಾರೆ, ಅವರು ಹೇಳದೆ ಬಿಟ್ಟದ್ದು ಯಾವುದು, ನಾನು ಉತ್ತರವನ್ನು ಹೇಗೆ ಹುಡುಕುತ್ತೇನೆ.

ಮನೆ ಬಾಗಿಲಿನ ಪ್ರಶ್ನೆ ಸಣ್ಣದೆಂದು ಸಂಕೋಚ ಬೇಡ. ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಮಾಡಿ ಬಂದ ಮುಹಮ್ಮದ್ ಯೂನುಸ್ ಬಾಂಗ್ಲಾದೇಶದ ಚಿತ್ತಗಾಂಗ್‌ನಲ್ಲಿ ಅರ್ಥಶಾಸ್ತ್ರ ಕಲಿಸುತ್ತಿದ್ದರು. 1976ರಲ್ಲಿ ಅವರು ಪಕ್ಕದ ಜೋಬ್ರಾ ಹಳ್ಳಿಗೆ ಹೋಗಿ ಬಿದಿರಿನ ಸ್ಟೂಲ್ ಹೆಣೆಯುವ ಬಡ ಹೆಂಗಸರ ಸಾಲದ ಲೆಕ್ಕ ಕೇಳಿದರು. 42 ಮಂದಿಗೆ ಬೇಕಾಗಿದ್ದ ಒಟ್ಟು ಹಣ ಕೇವಲ 27 ಡಾಲರ್! ಆ ಸಣ್ಣ ಲೆಕ್ಕದಿಂದ ಬೆಳೆದದ್ದೇ ಗ್ರಾಮೀಣ ಬ್ಯಾಂಕ್. 2006ರಲ್ಲಿ ಅವರಿಗೂ ಬ್ಯಾಂಕಿಗೂ ನೊಬೆಲ್ ಶಾಂತಿ ಪ್ರಶಸ್ತಿ ದೊರೆಯಿತು. ಬೀಡಿ ಕಟ್ಟುವ ಮನೆ, ಸ್ವಸಹಾಯ ಸಂಘ, ಚಿನ್ನ ಅಡವಿಟ್ಟು ಪಡೆಯುವ ಸಾಲ, ಗಲ್ಫ್‌ನಿಂದ ಬರುವ ಹಣ, ಹೀಗೆ ನಮ್ಮ ಸುತ್ತಲೂ ಇಂತಹ ಪ್ರಶ್ನೆಗಳು ರಾಶಿ ಬಿದ್ದಿವೆ.

ವಿಷಯ ಆರಿಸುವ ಮೊದಲು ಶೋಧಗಂಗಾ ಎಂಬ ಜಾಲತಾಣವನ್ನು ನೋಡಿ. ನಮ್ಮ ದೇಶದ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಪ್ರಬಂಧಗಳನ್ನು ಅಲ್ಲಿ ಉಚಿತವಾಗಿ ಓದಬಹುದು. ನಿಮ್ಮ ವಿಷಯಕ್ಕೆ ಹತ್ತಿರದ ನಾಲ್ಕೈದು ಪ್ರಬಂಧಗಳನ್ನು ಓದಿದರೆ, ಇದು ನನ್ನಿಂದ ಆಗುವ ಕೆಲಸವೇ ಎಂಬುದು ನಿಮಗೇ ತಿಳಿಯುತ್ತದೆ.

ಬಾಗಿಲುಗಳು ಎಲ್ಲಿವೆ?

ನಮ್ಮ ವಿಶ್ವವಿದ್ಯಾಲಯಗಳಲ್ಲಿ ವಾಣಿಜ್ಯ ಮತ್ತು ಮ್ಯಾನೇಜ್‌ಮೆಂಟ್ ವಿಭಾಗಗಳು ಪಿಎಚ್.ಡಿ.ಗೆ ಪ್ರವೇಶ ನೀಡುತ್ತವೆ. ಮೈಸೂರು, ಮಂಗಳೂರು, ಧಾರವಾಡ ಮುಂತಾದ ಕಡೆಗಳಲ್ಲಿ ಈ ವಿಭಾಗಗಳಿವೆ. 2022ರ ಯುಜಿಸಿ ನಿಯಮದಂತೆ ಎರಡು ವರ್ಷದ ಸ್ನಾತಕೋತ್ತರ ಪದವಿಯಲ್ಲಿ ಶೇ. 55 ಅಂಕ ಇರಬೇಕು. ಹಿಂದುಳಿದ ವರ್ಗಗಳ ಕೆನೆಪದರಕ್ಕೆ ಸೇರದವರಿಗೆ, ಆರ್ಥಿಕವಾಗಿ ದುರ್ಬಲರಾದವರಿಗೆ ಶೇ. 5ರಷ್ಟು ಸಡಿಲಿಕೆಯಿದೆ. ನಾಲ್ಕು ವರ್ಷದ ಪದವಿಯಲ್ಲಿ ಶೇ. 75 ಅಂಕ ಪಡೆದವರೂ ಅರ್ಜಿ ಹಾಕಬಹುದು.

ಇಲ್ಲಿ ಬಹುಮುಖ್ಯವಾದ ಬಾಗಿಲು ಯುಜಿಸಿ-ನೆಟ್ ಪರೀಕ್ಷೆ. ಜೂನ್ ಮತ್ತು ಡಿಸೆಂಬರ್ ಹೆಸರಿನಲ್ಲಿ ವರ್ಷಕ್ಕೆ ಎರಡು ಬಾರಿ ನಡೆಯುತ್ತದೆ. ವಾಣಿಜ್ಯ, ಮ್ಯಾನೇಜ್‌ಮೆಂಟ್ ಎರಡೂ ಬೇರೆ ಬೇರೆ ವಿಷಯಗಳಾಗಿವೆ. ಮೂರು ಗಂಟೆ, 150 ಪ್ರಶ್ನೆ, 300 ಅಂಕ. ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ. 2024ರ ಜೂನ್ ಪರೀಕ್ಷೆಯಿಂದ ಇದರ ಫಲಿತಾಂಶವನ್ನು ಪಿಎಚ್.ಡಿ. ಪ್ರವೇಶಕ್ಕೂ ಬಳಸುವ ವ್ಯವಸ್ಥೆ ಬಂದಿದೆ. ಫೆಲೋಶಿಪ್ ಸಿಗದೆ ಬರೇ ಪ್ರವೇಶದ ಅರ್ಹತೆ ಸಿಕ್ಕಿದರೆ ಆ ಅಂಕ ಒಂದು ವರ್ಷದವರೆಗೆ ಮಾತ್ರ ನಡೆಯುತ್ತದೆ. ಪರೀಕ್ಷೆಯ ಅಂಕಕ್ಕೆ ಶೇ. 70, ಸಂದರ್ಶನಕ್ಕೆ ಶೇ. 30 ಮಹತ್ವ. ಕೆಲವು ವಿಶ್ವವಿದ್ಯಾಲಯಗಳು ತಮ್ಮದೇ ಪ್ರವೇಶ ಪರೀಕ್ಷೆಯನ್ನೂ ನಡೆಸುತ್ತವೆ. ಆದ್ದರಿಂದ ಪ್ರಕಟಣೆಯನ್ನು ಪೂರ್ತಿಯಾಗಿ ಓದಿಯೇ ಶುಲ್ಕ ಕಟ್ಟಿ.

ಎರಡನೆಯ ಬಾಗಿಲು ಐಐಎಂ. ಬೆಂಗಳೂರಿನ ಐಐಎಂ 1973ರಲ್ಲಿ ಆರಂಭವಾದ ಸಂಸ್ಥೆ. ಹಿಂದೆ ಐಐಎಂಗಳು ಇಂತಹ ಸಂಶೋಧಕರಿಗೆ 'ಫೆಲೋ' ಎಂಬ ಬಿರುದು ಕೊಡುತ್ತಿದ್ದವು. 2017ರ ಐಐಎಂ ಕಾಯ್ದೆ 2018ರ ಜನವರಿಯಲ್ಲಿ ಜಾರಿಯಾದ ಮೇಲೆ ಪಿಎಚ್.ಡಿ. ಪದವಿಯನ್ನೇ ಕೊಡುತ್ತಿವೆ. ಹಣಕಾಸು, ಮಾರುಕಟ್ಟೆ, ಸಂಘಟನಾ ವರ್ತನೆ, ಸಾರ್ವಜನಿಕ ನೀತಿ ಮುಂತಾದ ವಿಭಾಗಗಳಲ್ಲಿ ಒಂದನ್ನು ಅರ್ಜಿಯಲ್ಲಿಯೇ ಆರಿಸಬೇಕು. ಕ್ಯಾಟ್, ಜಿಮ್ಯಾಟ್, ಜಿಆರ್‌ಇ, ಜೆಆರ್‌ಎಫ್ ಇವುಗಳಲ್ಲಿ ಯಾವುದನ್ನು ಒಪ್ಪುತ್ತೇವೆ ಎಂದು ಒಂದೊಂದು ಐಐಎಂ ತನ್ನ ಪ್ರಕಟಣೆಯಲ್ಲಿ ಹೇಳುತ್ತದೆ. ಕ್ಯಾಟ್ ಪರೀಕ್ಷೆ ನವೆಂಬರ್ ಕೊನೆಯ ಹೊತ್ತಿಗೆ ನಡೆಯುವುದರಿಂದ ತಯಾರಿ ಮಳೆಗಾಲದಲ್ಲಿಯೇ ಶುರುವಾಗಬೇಕು. ಎಂಬಿಎಗೆ ಲಕ್ಷಗಟ್ಟಲೆ ಶುಲ್ಕ ಪಡೆಯುವ ಈ ಸಂಸ್ಥೆಗಳು ಪೂರ್ಣಾವಧಿ ಪಿಎಚ್.ಡಿ. ವಿದ್ಯಾರ್ಥಿಗೆ ತಾವೇ ತಿಂಗಳ ವೇತನ ಕೊಡುತ್ತವೆ ಎಂಬುದು ನಮ್ಮಲ್ಲಿ ಬಹಳ ಮಂದಿಗೆ ಗೊತ್ತೇ ಇಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ, ಸುರತ್ಕಲ್‌ನ ಎನ್‌ಐಟಿಕೆಯಲ್ಲೂ ಮ್ಯಾನೇಜ್‌ಮೆಂಟ್ ಸಂಶೋಧನೆಗೆ ಅವಕಾಶವಿದೆ.

ಯಾರ ಬಳಿ ಓದುತ್ತೀರಿ?

ಮದ್ರಸದಲ್ಲಿ ಯಾವ ಕಿತಾಬ್ ಓದಿದೆ ಎಂಬುದಕ್ಕಿಂತ ಮೊದಲು ಯಾವ ಉಸ್ತಾದರ ಬಳಿ ಓದಿದೆ ಎಂದು ನಮ್ಮನ್ನು ಕೇಳುತ್ತಿದ್ದರು. ಪಿಎಚ್.ಡಿ.ಯಲ್ಲಿಯೂ ಹಾಗೆಯೇ. ಸಂಸ್ಥೆಯ ಹೆಸರಿಗಿಂತ ಮಾರ್ಗದರ್ಶಕರು ಯಾರು ಎಂಬುದು ಮುಖ್ಯ. ಯುಜಿಸಿ ನಿಯಮದಂತೆ ಒಬ್ಬ ಪ್ರಾಧ್ಯಾಪಕರು ಏಕಕಾಲಕ್ಕೆ 8, ಸಹ ಪ್ರಾಧ್ಯಾಪಕರು 6, ಸಹಾಯಕ ಪ್ರಾಧ್ಯಾಪಕರು 4 ಮಂದಿಗಿಂತ ಹೆಚ್ಚು ವಿದ್ಯಾರ್ಥಿಗಳನ್ನು ಇಟ್ಟುಕೊಳ್ಳುವಂತಿಲ್ಲ. ಸೀಟು ಕಡಿಮೆ ಇರುವುದಕ್ಕೆ ಇದೇ ಕಾರಣ. ಅರ್ಜಿಗೆ ಮೊದಲೇ ಅವರ ಲೇಖನಗಳನ್ನು ಓದಿ, ಅವರ ಬಳಿ ಜಾಗ ಇದೆಯೇ ಎಂದು ವಿನಯದಿಂದ ಪತ್ರ ಬರೆದು ಕೇಳಿ. ಅವರ ಹಿಂದಿನ ವಿದ್ಯಾರ್ಥಿನಿಯರು ಎಷ್ಟು ವರ್ಷದಲ್ಲಿ ಮುಗಿಸಿದರು, ಅವರೊಡನೆ ಕೆಲಸ ಹೇಗಿತ್ತು ಎಂದು ವಿಚಾರಿಸುವುದೂ ಒಳ್ಳೆಯದು. ಸಂಬಂಧ ನೋಡುವಾಗ ಹತ್ತು ಮನೆ ವಿಚಾರಿಸುವ ನಾವು, ಐದು ವರ್ಷ ಯಾರ ಕೈಕೆಳಗೆ ಇರಬೇಕೋ ಅವರ ಬಗ್ಗೆ ವಿಚಾರಿಸಬಾರದೇ?

ನಾನು ಬರೆದ ಪತ್ರ

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಿಬಿಡುತ್ತೇನೆ. ಮೊದಲು ಹೇಳಿದ ಹಳೆಯ ವಿದ್ಯಾರ್ಥಿನಿ ಕೆಲವು ವರ್ಷಗಳ ಹಿಂದೆ ಹೊರದೇಶದ ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕುವಾಗ ಶಿಫಾರಸು ಪತ್ರ ಕೇಳಿಕೊಂಡು ಬಂದಿದ್ದಳು. ನನಗೆ ಹೆಮ್ಮೆಯಾಯಿತು. "ವಿಧೇಯಳು, ಸದ್ಗುಣಿ, ಗುರುಹಿರಿಯರಲ್ಲಿ ಗೌರವವುಳ್ಳವಳು, ಬರವಣಿಗೆ ದುಂಡಗೆ" ಎಂದೆಲ್ಲ ಒಂದು ಪುಟ ಬರೆದುಕೊಟ್ಟೆ. ಆ ವರ್ಷ ಅವಳಿಗೆ ಎಲ್ಲಿಯೂ ಪ್ರವೇಶ ಸಿಗಲಿಲ್ಲ. ನನ್ನ ಪತ್ರವೊಂದೇ ಕಾರಣ ಎನ್ನಲಾರೆ. ಆದರೆ ಅದು ಅವಳಿಗೆ ಎಳ್ಳಷ್ಟೂ ಸಹಾಯ ಮಾಡಲಿಲ್ಲ ಎಂಬುದು ನಂತರ ಅರ್ಥವಾಯಿತು.

ಆಯ್ಕೆ ಮಾಡುವವರಿಗೆ ವಿಧೇಯತೆಯ ಸರ್ಟಿಫಿಕೇಟ್ ಬೇಕಾಗಿಲ್ಲ. ಈಕೆ ಸ್ವತಂತ್ರವಾಗಿ ಯೋಚಿಸಬಲ್ಲಳೇ, ತಪ್ಪಿದಾಗ ತಿದ್ದಿಕೊಂಡಳೇ, ಅಂಕಿಅಂಶಗಳನ್ನು ಪ್ರಾಮಾಣಿಕವಾಗಿ ನೋಡಿದಳೇ ಎಂದು ಅವರು ತಿಳಿಯಬಯಸುತ್ತಾರೆ. ಅದನ್ನು ಹೇಳಬಲ್ಲವರು ಶಾಲೆಯ ಟೀಚರಲ್ಲ, ಎಂ.ಕಾಂ. ಅಥವಾ ಎಂಬಿಎಯಲ್ಲಿ ಅವಳ ಪ್ರಾಜೆಕ್ಟ್ ನೋಡಿದ ಅಧ್ಯಾಪಕರು. ಮರುವರ್ಷ ಅವಳು ತನ್ನ ಪ್ರಾಜೆಕ್ಟ್ ಮಾರ್ಗದರ್ಶಕರಿಂದ ಪತ್ರ ಪಡೆದಳು, ಪ್ರಸ್ತಾವವನ್ನು ಹೊಸದಾಗಿ ಬರೆದಳು, ನೆಟ್ ಬರೆದಳು. ನಮ್ಮ ದೇಶದಲ್ಲಿಯೇ ಪ್ರವೇಶ ಸಿಕ್ಕಿತು. ನೀವು ಇನ್ನೂ ಓದುತ್ತಿದ್ದರೆ ಇಂದಿನಿಂದಲೇ ಒಬ್ಬಿಬ್ಬರು ಅಧ್ಯಾಪಕರಿಗೆ ನಿಮ್ಮ ಕೆಲಸ ತೋರಿಸಿ, ತಿದ್ದಿಸಿಕೊಳ್ಳಿ. ಪತ್ರ ಕೇಳುವಾಗ ಕನಿಷ್ಠ ಒಂದು ತಿಂಗಳ ಸಮಯ ಕೊಡಿ.

ಹಣ ಎಲ್ಲಿಂದ?

ನೆಟ್‌ನಲ್ಲಿ ಮೇಲಿನ ಸ್ಥಾನ ಬಂದವರಿಗೆ ಜೂನಿಯರ್ ರಿಸರ್ಚ್ ಫೆಲೋಶಿಪ್, ಅಂದರೆ ಜೆಆರ್‌ಎಫ್ ಸಿಗುತ್ತದೆ. 2023ರ ಜನವರಿಯಿಂದ ಅನ್ವಯವಾಗುವಂತೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ನಂತರ 42,000 ರೂಪಾಯಿ ಎಂದು ನಿಗದಿಯಾಗಿದೆ. ಇದಕ್ಕೆ ವಯೋಮಿತಿ 30 ವರ್ಷ. ಆದರೆ ಮಹಿಳೆಯರಿಗೆ 5 ವರ್ಷದ ಸಡಿಲಿಕೆ ಇದೆ. ಮದುವೆಯಾಗಿ, ಮಗುವಾಗಿ, ಓದು ನಿಂತುಹೋದ 33ರ ಸಹೋದರಿಯೂ ಈ ಪರೀಕ್ಷೆ ಬರೆಯಬಹುದು ಎಂದು ಇದರ ಅರ್ಥ.

ಅಲ್ಪಸಂಖ್ಯಾತ ಸಂಶೋಧಕರಿಗಾಗಿ 2009ರಲ್ಲಿ ಆರಂಭವಾದ ಮೌಲಾನಾ ಆಝಾದ್ ರಾಷ್ಟ್ರೀಯ ಫೆಲೋಶಿಪ್ ಬಗ್ಗೆ ಈಗಲೂ ಹಲವರು ಹೇಳುತ್ತಾರೆ. ಅದನ್ನು ಕೇಂದ್ರ ಸರಕಾರ 2022-23ರಿಂದ ನಿಲ್ಲಿಸಿದೆ. ಅದನ್ನು ನಂಬಿ ಲೆಕ್ಕ ಹಾಕಬೇಡಿ.

ಹೊರದೇಶಕ್ಕೆ ಹೋಗುವುದಾದರೆ

ಅಮೆರಿಕದ ಉತ್ತಮ ಬಿಸಿನೆಸ್ ಸ್ಕೂಲ್‌ಗಳಲ್ಲಿ ಪಿಎಚ್.ಡಿ. ಸುಮಾರು ಐದು ವರ್ಷ. ಒಂದು ವಿಭಾಗಕ್ಕೆ ವರ್ಷಕ್ಕೆ ಬೆರಳೆಣಿಕೆಯಷ್ಟು ಮಂದಿಯನ್ನು ಮಾತ್ರ ಸೇರಿಸಿಕೊಳ್ಳುತ್ತಾರೆ. ಸೇರಿಸಿಕೊಂಡವರಿಗೆ ಸಾಮಾನ್ಯವಾಗಿ ಶುಲ್ಕ ಮಾಫಿ, ತಿಂಗಳ ವೇತನವೂ ಇರುತ್ತದೆ. ಜಿಮ್ಯಾಟ್ ಅಥವಾ ಜಿಆರ್‌ಇ, ಇಂಗ್ಲಿಷ್ ಪರೀಕ್ಷೆ, ಹೆಚ್ಚಿನ ಕಡೆ ಮೂರು ಶಿಫಾರಸು ಪತ್ರ, ಉದ್ದೇಶ ವಿವರಿಸುವ ಬರಹ ಇವಿಷ್ಟು ಬೇಕು. ಆಗಸ್ಟ್‌ನಲ್ಲಿ ತರಗತಿ ಶುರುವಾಗಬೇಕಾದರೆ ಅದರ ಹಿಂದಿನ ಡಿಸೆಂಬರ್, ಜನವರಿಯ ಹೊತ್ತಿಗೇ ಅರ್ಜಿ ಹೋಗಿರಬೇಕು. ವೇತನದೊಂದಿಗೆ ಕರೆ ಬಂದರೆ ಒಪ್ಪಿಗೆ ತಿಳಿಸಲು ಅಲ್ಲಿನ ಬಹುತೇಕ ವಿಶ್ವವಿದ್ಯಾಲಯಗಳು ಎಪ್ರಿಲ್ 15ರವರೆಗೆ ಸಮಯ ಕೊಡುತ್ತವೆ. ಆತುರಪಡಬೇಕಾಗಿಲ್ಲ.

ಮನೆಯವರು ಮೊದಲೇ ತಿಳಿದಿರಬೇಕಾದ ಒಂದು ಮಾತು: ವಿದ್ಯಾರ್ಥಿ ವೀಸಾದಲ್ಲಿ ಹೋದವಳ ಜೊತೆಗೆ ಅವಲಂಬಿತನಾಗಿ ಹೋಗುವ ಗಂಡ ಅಲ್ಲಿ ದುಡಿಯುವಂತಿಲ್ಲ. ವಿಮಾನ ಹತ್ತಿದ ಮೇಲೆ ಇದು ಜಗಳವಾಗುವುದಕ್ಕಿಂತ ಮನೆಯಲ್ಲಿಯೇ ಚರ್ಚೆಯಾಗುವುದು ಲೇಸು.

ಮದುವೆ, ಮಗು ಮತ್ತು ಪ್ರಬಂಧ

ಆ ತಾಯಿಯ ನಿಜವಾದ ಚಿಂತೆ ಇದೇ ಆಗಿತ್ತು. "ಇವಳ ಓದು ಮುಗಿಯುವವರೆಗೆ ಯಾರು ಕಾಯುತ್ತಾರೆ? ಮದುವೆಯಾದರೆ ಓದು ನಿಲ್ಲುತ್ತದೆ, ಓದಿದರೆ ಮದುವೆ ನಿಲ್ಲುತ್ತದೆ." ಈ ಭಯ ಸುಳ್ಳೆಂದು ನಾನು ಹೇಳುವುದಿಲ್ಲ. ನೋಂದಣಿ ಮಾಡಿಸಿ, ಮದುವೆಯಾಗಿ ಬೇರೆ ಊರಿಗೆ ಹೋಗಿ, ಎಲ್ಲವನ್ನೂ ಟ್ರಂಕಿನಲ್ಲಿ ಕಟ್ಟಿಟ್ಟವರನ್ನು ನಾನೂ ಕಂಡಿದ್ದೇನೆ.

ಆದರೆ ಮದುವೆಯಾದರೆ ಓದು ನಿಲ್ಲಬೇಕೆಂದು ನಿಯಮ ಹೇಳುವುದಿಲ್ಲ. 2022ರ ಯುಜಿಸಿ ನಿಯಮವನ್ನು ದಯವಿಟ್ಟು ಗಮನಿಸಿ. ಪಿಎಚ್.ಡಿ.ಗೆ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ಮರುನೋಂದಣಿಯ ಮೂಲಕ ಇನ್ನೂ 2 ವರ್ಷ ಪಡೆಯಬಹುದು. ಮಹಿಳೆಯರಿಗೆ ಅದರ ಮೇಲೆ ಮತ್ತೆ 2 ವರ್ಷದ ಸಡಿಲಿಕೆ ಕೊಡಬಹುದು. ಒಟ್ಟು ಹತ್ತು ವರ್ಷ ಮೀರಬಾರದು. ಹೆರಿಗೆ ಮತ್ತು ಮಗುವಿನ ಆರೈಕೆಗೆ ಇಡೀ ಅವಧಿಯಲ್ಲಿ 240 ದಿನಗಳವರೆಗೆ ರಜೆ ಕೊಡಲು ಅವಕಾಶವಿದೆ. ಮದುವೆಯ ಕಾರಣದಿಂದ ಊರು ಬಿಟ್ಟು ಹೋಗಬೇಕಾದರೆ, ತಾನು ಮಾಡಿದ ಸಂಶೋಧನೆಯ ಮಾಹಿತಿಯನ್ನು ಹೊಸ ಊರಿನ ಸಂಸ್ಥೆಗೆ ವರ್ಗಾಯಿಸಿಕೊಳ್ಳಬಹುದು. ಆ ಕೆಲಸ ಮೊದಲಿನ ಸಂಸ್ಥೆಗೆ ಮಂಜೂರಾದ ಯೋಜನೆಗೆ ಸೇರಿದ್ದಾಗಿರಬಾರದು, ಉಳಿದ ಷರತ್ತುಗಳನ್ನೂ ಪಾಲಿಸಬೇಕು. ಇದು ಎಷ್ಟು ದೊಡ್ಡ ಅನುಕೂಲ! ಕೆಲಸದಲ್ಲಿರುವವರು ತಮ್ಮ ಸಂಸ್ಥೆಯ ಒಪ್ಪಿಗೆ ಪತ್ರ ತಂದು ಅರೆಕಾಲಿಕವಾಗಿಯೂ ಮಾಡಬಹುದು.

ನಿಯಮ ಬಾಗಿಲು ತೆರೆದಿಟ್ಟಿದೆ. ಆದರೆ ಮನೆಯೊಳಗೆ ಮಗುವನ್ನು ಎತ್ತಿಕೊಳ್ಳಲು ಇನ್ನೊಂದು ಕೈ ಬೇಕು, ಓದಲು ಒಂದು ಮೂಲೆ ಬೇಕು. ಅದನ್ನು ಯಾವ ಯುಜಿಸಿಯೂ ಕೊಡಲಾರದು. ಆದ್ದರಿಂದ ಸಂಬಂಧದ ಮಾತು ಬಂದಾಗಲೇ "ಮಗಳು ಸಂಶೋಧನೆ ಮಾಡುತ್ತಿದ್ದಾಳೆ, ಇನ್ನು ಇಷ್ಟು ವರ್ಷ ಬೇಕು" ಎಂದು ಸ್ಪಷ್ಟವಾಗಿ ಹೇಳಿ. ನೂರು ಜನರ ಮುಂದೆ ಮಹರ್ ಮಾತನಾಡುವ ನಮಗೆ ಇದನ್ನು ಮಾತನಾಡಲು ಸಂಕೋಚವೇಕೆ? ಕೇಳಿ ಹಿಂದೆ ಸರಿಯುವವರು ಮೊದಲೇ ಸರಿದರೆ ಒಳ್ಳೆಯದೇ ಅಲ್ಲವೇ?

ಅಡ್ಡದಾರಿ ಬೇಡ

"ಮನೆಯಲ್ಲಿಯೇ ಕೂತು ಒಂದು ವರ್ಷದಲ್ಲಿ ಪಿಎಚ್.ಡಿ." ಎಂಬ ಜಾಹೀರಾತುಗಳು ಮೊಬೈಲಿಗೆ ಬರುತ್ತಲೇ ಇರುತ್ತವೆ. ಮನೆಯಿಂದ ಹೊರಬರಲು ಕಷ್ಟವಿರುವ ಹೆಂಗಸರೇ ಇದಕ್ಕೆ ಬೇಗ ಮರುಳಾಗುತ್ತಾರೆ. ದೂರಶಿಕ್ಷಣ ಅಥವಾ ಆನ್‌ಲೈನ್ ಮೂಲಕ ಪಿಎಚ್.ಡಿ. ಮಾಡುವಂತಿಲ್ಲ ಎಂದು ಯುಜಿಸಿ ನಿಯಮ ಹೇಳುತ್ತದೆ. ವಿದೇಶಿ ವಿಶ್ವವಿದ್ಯಾಲಯದ ಹೆಸರಿನಲ್ಲಿ ಕಂಪೆನಿಗಳು ಮಾರುವ ಆನ್‌ಲೈನ್ ಪಿಎಚ್.ಡಿ.ಗೆ ಮಾನ್ಯತೆ ಇಲ್ಲವೆಂದು 2022ರ ಅಕ್ಟೋಬರ್‌ನಲ್ಲಿ ಯುಜಿಸಿ ಮತ್ತು ಎಐಸಿಟಿಇ ಎಚ್ಚರಿಸಿವೆ. 2025ರ ಜನವರಿಯಲ್ಲಿ ರಾಜಸ್ಥಾನದ ಮೂರು ಖಾಸಗಿ ವಿಶ್ವವಿದ್ಯಾಲಯಗಳು ಐದು ವರ್ಷ ಪಿಎಚ್.ಡಿ.ಗೆ ಯಾರನ್ನೂ ಸೇರಿಸಬಾರದೆಂದು ಯುಜಿಸಿ ತಡೆಯಿತು. ನಿಯಮದಂತೆ ಪದವಿ ಕೊಡದೆ ಇದ್ದುದೇ ಅದಕ್ಕೆ ಕಾರಣ.

ಹಣ ಕೊಟ್ಟು ಪ್ರಬಂಧ ಬರೆಯಿಸುವವರೂ ಇದ್ದಾರೆ. 2018ರ ಯುಜಿಸಿ ನಿಯಮದಂತೆ ಕೃತಿಚೌರ್ಯ ಸಾಬೀತಾದರೆ ನೋಂದಣಿಯೇ ರದ್ದಾಗಬಹುದು. ಅದಿರಲಿ, ಸುಳ್ಳು ಪದವಿ ಹಿಡಿದು ಮಕ್ಕಳ ಮುಂದೆ ಪಾಠ ಹೇಳಲು ನಿಲ್ಲುವುದು ಹೇಗೆ?

ತಾಯಿ ಕೇಳಿದ ಕೊನೆಯ ಪ್ರಶ್ನೆ

ಇಷ್ಟೆಲ್ಲ ಕೇಳಿದ ಮೇಲೆ ಆ ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ನಂತರ ಮಗಳತ್ತ ತಿರುಗಿ, "ಉದ್ರಿ ಪುಸ್ತಕದ ವಿಷಯ ಅಬ್ಬನಿಗೆ ಹೇಳಿದ್ದೀಯಾ?" ಎಂದು ಕೇಳಿದರು. ಹುಡುಗಿ ಇಲ್ಲವೆಂದು ತಲೆಯಾಡಿಸಿದಳು. "ಹೇಳು. ಹಳೆಯ ಪುಸ್ತಕಗಳೆಲ್ಲ ಅಟ್ಟದ ಮೇಲೆ ಇವೆ. ಮಳೆ ಶುರುವಾದರೆ ಒದ್ದೆಯಾಗುತ್ತವೆ, ಮೊದಲು ಅವನ್ನು ಇಳಿಸಬೇಕು" ಎಂದರು.

ಅವರು ಒಪ್ಪಿದರೆಂದು ನಾನು ಹೇಳಲಾರೆ. ಅಬ್ಬನ ಮಾತು ಇನ್ನೂ ಬಾಕಿ ಇದೆ, ನೆಟ್ ಪರೀಕ್ಷೆ ಬಾಕಿ ಇದೆ. ಒಂದು ವರ್ಷ ತಯಾರಿ ನಡೆಸುವುದು, ಬಂದ ಸಂಬಂಧದವರಿಗೆ ಇರುವ ವಿಷಯವನ್ನು ಹೇಳುವುದು ಎಂಬಲ್ಲಿಗೆ ಆ ದಿನದ ಮಾತು ನಿಂತಿತು.

ಸಹೋದರಿಯರೇ, ಅರ್ಜಿ ಫಾರಂನಲ್ಲಿ ಹೆಸರು, ಅಂಕ, ವಿಳಾಸ ತುಂಬಲು ಅರ್ಧ ಗಂಟೆ ಸಾಕು. ಆದರೆ ಅದಕ್ಕೆ ಮೊದಲು ಎರಡು ಸಂಗತಿಗಳು ಸಿದ್ಧವಾಗಿರಬೇಕು. ಒಂದು, ಓದುವವಳ ಕೈಯಲ್ಲಿ ಅವಳದೇ ಆದ ಪ್ರಶ್ನೆ. ಎರಡು, ಅವಳ ಸುತ್ತ ಇರುವವರ ತಿಳಿದು ಕೊಟ್ಟ ಒಪ್ಪಿಗೆ. ಮೊದಲನೆಯದನ್ನು ಮಗಳು ಹುಡುಕಿಕೊಳ್ಳಲಿ. ಎರಡನೆಯದು ನಮ್ಮ, ನಿಮ್ಮ ಕೈಯಲ್ಲಿದೆ. "ಇನ್ನೂ ಓದುವುದಕ್ಕೆ ಏನಿದೆ?" ಎಂದು ಕೇಳುವ ಬದಲು "ನೀನು ಹುಡುಕುತ್ತಿರುವುದು ಏನು?" ಎಂದು ಒಮ್ಮೆ ಅವಳನ್ನು ಕೇಳಿ ನೋಡಿ. ಅವಳ ಉತ್ತರ ನಿಮ್ಮ ಅಂಗಡಿಯ ಹಳೆಯ ಲೆಕ್ಕದ ಪುಸ್ತಕದಲ್ಲಿಯೇ ಇರಬಹುದು.